ಜನರ ಕಡೆ ಮುಖ ಮಾಡಿ ಕೂತವರು

ಮಲಪ್ರಭೆಯ ದಂಡೆಯಲ್ಲಿ ಒಂದು ನಾಟಕ ಕಂಪನಿ ಬೀಡು ಬಿಟ್ಟಿತ್ತು. ಅಲ್ಲಿ ಪಾತ್ರ ಕಲಿಸುತ್ತಿದ್ದವರು ಸಿದ್ರಾಮಪ್ಪ ಮಾಸ್ತರರು.

ಹೆಣ್ಣುಮಕ್ಕಳು ರಂಗ ಹತ್ತದಿದ್ದ ಕಾಲದಲ್ಲಿ ಮೀಸೆ ಬೋಳಿಸಿ, ಸೀರೆ ಉಟ್ಟು, ರಾಣಿಯಾಗಿ ಮೆರೆದವರು ಅವರು. ಅವರನ್ನು ನೋಡಿ ಊರ ಹೆಂಗಸರೇ ಸೆರಗು ಹೊದೆಯುವುದನ್ನು ಕಲಿತರಂತೆ.

ದ್ಯಾಮವ್ವ ಅವರ ಶಿಷ್ಯೆ. ಎಳೆಯ ವಯಸ್ಸು, ಕಂಚಿನ ಕಂಠ, ಮೂಗಿನ ತುದಿಯಲ್ಲೇ ಸಿಟ್ಟು.

ಮಾಸ್ತರರದು ಒಂದು ವಿಚಿತ್ರ ರೂಢಿ. ಆಟ ಶುರುವಾಯಿತೆಂದರೆ ರಂಗದ ಕೆಳಗೆ ಒಂದು ಮೂಲೆಯಲ್ಲಿ, ರಂಗಕ್ಕೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂತುಬಿಡುವರು. ಮೇಲೆ ಶಿಷ್ಯೆ ಹಾಡಲಿ, ಅಳಲಿ, ಹೊರಳಿ ನೋಡುವವರಲ್ಲ.

ದ್ಯಾಮವ್ವನ ಹಾಡಿಗೆ, ಮತ್ತೊಮ್ಮೆ ಹಾಡು ಎಂದು ಜನರ ವನ್ಸ್ ಮೋರ್ ಬೀಳತೊಡಗಿತು. ರುಚಿ ಹತ್ತಿತು. ಗಂಡ ಸತ್ತನೆಂದು ಅಳುವ ರಾಣಿ, ಹಾಡು ಮುಗಿದ ಮೇಲೆ ಕಣ್ಣರಳಿಸಿ ಜನರತ್ತ ನೋಡುತ್ತ ನಿಲ್ಲುವಳು. ವನ್ಸ್ ಮೋರ್ ಬಿದ್ದ ಮೇಲೆ ಮತ್ತೆ ಅಳುವಳು.

ಒಂದು ದಿನ ಬಣ್ಣ ಒರೆಸುವುದಕ್ಕೂ ಪುರಸೊತ್ತಿಲ್ಲದೆ ಮಾಸ್ತರರ ಬಳಿ ಓಡಿ ಬಂದಳು.

"ಮಾಸ್ತರ್ರ, ಇವತ್ತ ಒಂದ ಹಾಡಿಗೆ ಮೂರು ಸಲ ವನ್ಸ್ ಮೋರ್ ಬಿತ್ರಿ. ನೀವು ಒಮ್ಮೆರ ತಿರುಗಿ ನೋಡ್ಲಿಲ್ಲ."

"ನಾ ಶೇಂಗಾ ಮಾರಾವನ್ನ ನೋಡಾಕತ್ತಿದ್ದೆ ತಂಗಿ," ಎಂದರು ಮಾಸ್ತರರು. "ನೀ ಹಾಡೂವಾಗ ಅವಂದು ಭಾಳ ಚಲೋ ವ್ಯಾಪಾರ ಆತು."

ಆಕೆ ಆ ದಿನ ಊಟ ಮಾಡಲಿಲ್ಲ.

ಮರುದಿನ ಮಾಸ್ತರರು ರಾಣಿಯ ಪಾತ್ರವನ್ನು ಬೇರೊಬ್ಬಳಿಗೆ ಕೊಟ್ಟರು. ದ್ಯಾಮವ್ವನನ್ನು ತಮ್ಮ ಪಕ್ಕದಲ್ಲಿ, ಜನರ ಕಡೆ ಮುಖ ಮಾಡಿಸಿ ಕೂರಿಸಿಕೊಂಡರು. ಹಿಂದೆ ತಿರುಗಿದರೆ ಪಾತ್ರ ಮರಳಿ ಸಿಗದು ಎಂದರು.

ದ್ಯಾಮವ್ವ ಹಲ್ಲು ಕಚ್ಚಿ ಕೂತಳು. ಬೆನ್ನ ಹಿಂದೆ ಹಾಡು ಮುಗಿಯಿತು, ವನ್ಸ್ ಮೋರ್ ಬಿತ್ತು. ಕೂಗುತ್ತಿದ್ದವರ ಕಣ್ಣು ಮಾತ್ರ ಎಲ್ಲೆಲ್ಲೋ ಇತ್ತು. ಒಬ್ಬ ಚಪ್ಪಲಿ ಹುಡುಕುತ್ತಿದ್ದ, ಇನ್ನೊಬ್ಬ ಗೆಳೆಯನ ಬೆನ್ನಿಗೆ ಗುದ್ದಿ ನಗುತ್ತಿದ್ದ.

ಆಮೇಲೆ ಒಂದು ಸಣ್ಣ ಪ್ರವೇಶ. ಕಂಪನಿಯ ಮುದುಕಿ ನಟಿ ಸತ್ತ ಸೊಸೆಯ ಸೀರೆ ಮಡಚಿಡುವುದು, ಅಷ್ಟೇ. ಮಾತಿಲ್ಲ, ಹಾಡಿಲ್ಲ, ಒಂದು ಚಪ್ಪಾಳೆಯೂ ಇಲ್ಲ. ಚಾಪೆಯ ಮೇಲೆ ಕೂತ ಹೆಂಗಸೊಬ್ಬಳು ಬಾಯಿಗೆ ಒಯ್ದ ವೀಳ್ಯದೆಲೆಯನ್ನು ಹಾಗೇ ಹಿಡಿದುಕೊಂಡಿದ್ದಳು. ಶೇಂಗಾ ಮಾರುವವನು ಬುಟ್ಟಿ ಕೆಳಗಿಟ್ಟು ನಿಂತಿದ್ದ.

ದ್ಯಾಮವ್ವನಿಗೆ ನಾಚಿಕೆಯಾಯಿತು. ಪಾತ್ರ ಮರಳಿ ಸಿಕ್ಕ ಮೇಲೆ ಆಕೆ ವನ್ಸ್ ಮೋರಿಗೆ ಕಾಯಲಿಲ್ಲ.

ಹೆಸರು ಹಬ್ಬಿತು. ಸಿನಿಮಾದವರು ಹುಡುಕಿಕೊಂಡು ಬಂದರು. ಹೊರಡುವ ಮುನ್ನ ಆಕೆ ಹೊಳೆಯ ದಂಡೆಯಲ್ಲಿ ಕೂತಿದ್ದ ಮಾಸ್ತರರ ಕಾಲಿಗೆ ಬಿದ್ದಳು.

"ಅಲ್ಲಿ ಜನಾನ ಇರಂಗಿಲ್ಲಂತ್ರಿ. ಬರೇ ಒಂದು ಕ್ಯಾಮೆರಾ. ಯಾರ ಮುಂದ ಅಳ್ಲಿ?"

"ಲೈಟ್ ಹಿಡಿಯಾವ ಇರ್ತಾನಿಲ್ಲ? ದಿನಾ ಮಂದಿ ಅಳೂದ ನೋಡಿದಾವ. ಅವನ ಕೈ ಅಲುಗಿದ್ರ ಸಾಕು."

ಮೊದಲ ಚಿತ್ರದಲ್ಲಿ ಅಲುಗಲಿಲ್ಲ, ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಬೆಳಕು ನಡುಗಿ ಶಾಟ್ ಕೆಟ್ಟಿತು. ನಿರ್ದೇಶಕರು ರೇಗಿದರು. ಲೈಟಿನವನು ತೋಳಿನಿಂದ ಕಣ್ಣೊರೆಸಿಕೊಂಡು ತಪ್ಪಾಯಿತೆಂದ.

ಆಮೇಲಿನದನ್ನು ಹೇಳಬೇಕಾಗಿಲ್ಲ. ದ್ಯಾಮವ್ವ ಮುಟ್ಟಿದ್ದೆಲ್ಲ ಚಿನ್ನವಾಯಿತು. ರಾಜ್ಯ ಮೆಚ್ಚಿತು, ದಿಲ್ಲಿಯೂ ಕರೆದು ಶಾಲು ಹೊದಿಸಿತು. ಪ್ರತಿ ಪ್ರಶಸ್ತಿಯನ್ನೂ ಮಾಸ್ತರರ ಪಾದದ ಬಳಿ ಇಟ್ಟು ನಮಸ್ಕರಿಸುವಳು. ಅವರು ಊಟ ಆಯಿತೇ ಎಂದು ಕೇಳುವರು. ಶಭಾಷ್ ಎಂಬ ಮಾತು ಮಾತ್ರ ಆ ಬಾಯಿಂದ ಬರಲಿಲ್ಲ.

ನಾಡೇ ಹೊಗಳಿದರೂ ಈ ಒಬ್ಬ ಮುದುಕ ತಿರುಗಿ ನೋಡಲಿಲ್ಲ ಎಂಬುದು ಆಕೆಗೆ ನೋವಾಗಿತ್ತು. ಹಾಗೆಂದು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ.

ಬಹಳ ವರ್ಷಗಳ ಮೇಲೆ ಕಂಪನಿಯವರು ಒಂದೇ ಒಂದು ಆಟಕ್ಕೆ ಆಕೆಯನ್ನು ಕರೆದರು. ಚಿತ್ರರಂಗದ ಹಿತೈಷಿಗಳು ಬೇಡವೆಂದರು. ರಂಗದ ಮೇಲೆ ತಪ್ಪಿದರೆ ರೀಟೇಕ್ ಇಲ್ಲ, ಗಳಿಸಿದ ಹೆಸರು ಒಂದೇ ದಿನದಲ್ಲಿ ಮಣ್ಣುಪಾಲಾದೀತು ಎಂದು ಹೆದರಿಸಿದರು. ಮಾಸ್ತರರಿಗೆ ವಯಸ್ಸಾಗಿದೆ, ಅವರು ಮುಂದಿನ ಆಟಕ್ಕೆ ಇರುತ್ತಾರೋ ಇಲ್ಲವೋ ಎಂಬುದೊಂದೇ ದ್ಯಾಮವ್ವನ ಚಿಂತೆ. ಒಪ್ಪಿಕೊಂಡಳು.

ಭಾನುವಾರ ಮಧ್ಯಾಹ್ನದ ಆಟ. ತಗಡಿನ ಥಿಯೇಟರಿನಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಆಕೆ ಕಾಲಿಟ್ಟದ್ದೇ ಸೀಟಿ, ಸಿನಿಮಾದ ಹೆಸರು ಹಿಡಿದು ಕೂಗು. ಎದುರು ಪಾತ್ರದವರ ಮಾತು ಒಂದೂ ಕೇಳಿಸದು. ಬಂದವರಿಗೆ ತಾರೆ ಬೇಕಿತ್ತು, ಪಾತ್ರ ಬೇಕಿರಲಿಲ್ಲ.

ಪಾತ್ರ ಒಬ್ಬ ತಾಯಿಯದು. ಮನೆಗೆ ಬಂದ ಬೀಗರು ಊಟಕ್ಕೆ ಕೂತಿದ್ದಾರೆ. ಹೊಳೆಯಲ್ಲಿ ಮಗ ಮುಳುಗಿ ಸತ್ತ ಸುದ್ದಿ ಹಿತ್ತಿಲ ಬಾಗಿಲಲ್ಲಿ ಅವಳೊಬ್ಬಳ ಕಿವಿಗೆ ಬೀಳುತ್ತದೆ. ಅತಿಥಿಗಳು ಅರ್ಧ ಊಟದಲ್ಲಿ ಏಳಬಾರದು.

ದ್ಯಾಮವ್ವ ಅಳಲಿಲ್ಲ. ರೊಟ್ಟಿಯ ಬುಟ್ಟಿ ಎತ್ತಿಕೊಂಡಳು. ಒಬ್ಬೊಬ್ಬರ ಮುಂದೆಯೂ ಬಾಗಿದಳು. "ಇನ್ನೊಂದು ರೊಟ್ಟಿ ಹಾಕ್ಲಿ?" ಎಂದಳು. ಬೇಡವೆಂದವರಿಗೂ ನಕ್ಕು ಹಾಕಿದಳು.

ಸೀಟಿ ನಿಂತಿತು. ಕೂಗು ಅಡಗಿತು. ಕೊನೆಯ ಎಲೆಯವರೆಗೂ ಬಡಿಸಿ, ಖಾಲಿ ಬುಟ್ಟಿ ಹಿಡಿದು ನಿಂತಳು. ಪರದೆ ಬಿತ್ತು.

ಚಪ್ಪಾಳೆ ಇಲ್ಲ. ಆಕೆ ಬುಟ್ಟಿ ಕೆಳಗಿಟ್ಟಳು.

ಆಮೇಲೆ ಒಮ್ಮೆಲೇ ಎದ್ದ ಸದ್ದಿಗೆ ತಗಡೆಲ್ಲ ಅದುರಿತು. ಜನ ಎದ್ದು ನಿಂತಿದ್ದರು. ಗಂಡಸರು ರುಮಾಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಪರದೆ ಮತ್ತೆ ಮತ್ತೆ ಏಳಬೇಕಾಯಿತು. ಆಕೆಯ ಬದುಕಿನಲ್ಲಿ ಅಂಥ ಗೆಲುವು ಅದಕ್ಕೆ ಮೊದಲು ಬಂದಿರಲಿಲ್ಲ.

ಹಾರ ಹಾಕಲು ಬಂದವರನ್ನು ದಾಟಿ, ದ್ಯಾಮವ್ವ ಕೆಳಗಿಳಿದು ಮಾಸ್ತರರಿದ್ದ ಮೂಲೆಗೆ ಹೋದಳು. ಪಾದ ಮುಟ್ಟಿದಳು. ತನ್ನ ಬಗ್ಗೆ ಕೇಳುವ ಧೈರ್ಯ ಬರಲಿಲ್ಲ.

"ಮಾಸ್ತರ್ರ, ಜನ ಹೆಂಗ ನೋಡಿದ್ರು ಹೇಳ್ರಿ?"

ಮಾಸ್ತರರು ಆಕೆಯ ತಲೆಯ ಮೇಲೆ ಕೈ ಇಟ್ಟರು. ಕೈ ಸಣ್ಣಗೆ ನಡುಗುತ್ತಿತ್ತು.

"ಬ್ಯಾರೆ ಯಾರನ್ನರ ಕೇಳು ತಂಗಿ. ಇವತ್ತ ನಾ ಜನರ ಕಡೆ ನೋಡಲೇ ಇಲ್ಲ."