ಎದುರಿನ ಮಣೆ

ನಿಜಬೋಧ ಸ್ವಾಮಿಗಳು ಆ ವರ್ಷ ತುಂಗಭದ್ರೆಯ ದಡದ ಮುರುಕು ಮಂಟಪದಲ್ಲಿ ತಂಗಿದ್ದರು. ಒಂದು ಕಮಂಡಲು, ಒಂದು ಕಂಬಳಿ, ಬಂದವರಿಗೆಂದು ಎರಡು ಮಣೆ. ಬೇರೇನೂ ಇರಲಿಲ್ಲ. ಒಂದು ಮಧ್ಯಾಹ್ನ ಶ್ರೀಗಳು ಕಂಬಳಿಯ ಹರಿದ ಅಂಚನ್ನು ಹೊಲಿಯುತ್ತಿದ್ದಾಗ ವೆಂಕಣ್ಣಾಚಾರ್ಯರು ಬಂದು ಮಣೆಯ ಮೇಲೆ ಕುಳಿತರು.

ಆಚಾರ್ಯರು ತರ್ಕಶಾಸ್ತ್ರದ ಅಧ್ಯಾಪಕರು. ಹಿಂದಿನ ಮಳೆಗಾಲದಲ್ಲಿ ಅವರ ಪತ್ನಿ ತುಳಸಾಬಾಯಿ ಹೊಳೆಯಾಚೆಯ ತವರಿಗೆ ಹೋಗುವಾಗ ಹರಿಗೋಲು ಮಗುಚಿ ತೀರಿಕೊಂಡಿದ್ದರು. ಮಗಳು ಇಂದಿರೆ ಆಗ ಆ ತವರಿನಲ್ಲೇ, ಅಜ್ಜಿಯ ಬಳಿ ಇದ್ದಳು; ಈಗಲೂ ಅಲ್ಲೇ ಇದ್ದಳು. ಅಂದಿನಿಂದ ತಂದೆ ಅವಳ ಮುಖ ನೋಡಿರಲಿಲ್ಲ.

“ಸ್ವಾಮಿಗಳೆ, ತುಳಸಾಳನ್ನು ಕೊಂದವನು ನಾನು. ಹೋಗಿ ಬಾ ಎಂದು ಕಳಿಸಿದವನು ನಾನೇ. ಕಳಿಸದಿದ್ದರೆ ಅವಳು ಸಾಯುತ್ತಿರಲಿಲ್ಲ. ಕೊಂದವನಿಗೆ ಮಗಳ ಮೇಲೆ ಹಕ್ಕಿಲ್ಲ. ಅವಳನ್ನು ಭಾವಮೈದುನನಿಗೆ ದತ್ತು ಕೊಡುತ್ತೇನೆ. ತಾವು ಹೂಂ ಎನ್ನಬೇಕು.”

“ಯಾರೊಡನೆ ವಾದಿಸಿ ಈ ನಿರ್ಣಯಕ್ಕೆ ಬಂದಿರಿ?”

“ಯಾರೊಡನೆ? ಮನೆಯಲ್ಲಿ ಯಾರಿದ್ದಾರೆ?”

ಶ್ರೀಗಳು ಸೂಜಿ ಕೆಳಗಿಟ್ಟರು. ಇನ್ನೊಂದು ಮಣೆಯನ್ನು ಆಚಾರ್ಯರ ಎದುರು ಹಾಕಿ ತಾವೇ ಕುಳಿತರು. ಎದುರಿನ ಮಣೆ ಬರಿದಾಗಿದ್ದರೆ ನಿರ್ಣಯ ಹೇಳಬಾರದು ಎಂಬುದು ಆಚಾರ್ಯರು ತಮ್ಮ ಶಿಷ್ಯರಿಗೆ ಕಲಿಸುತ್ತಿದ್ದ ನಿಯಮ.

“ಕುಂಬಾರನಿಗೆ ಮಣ್ಣು ಹೊತ್ತು ತಂದ ಕತ್ತೆ ಮಡಕೆಗೆ ಕಾರಣವೆ?”

ಆಚಾರ್ಯರು ಸಿಡುಕಿದರು. “ಇದು ಹೊಸದಾಗಿ ಸೇರಿದ ಹುಡುಗರ ಪಾಠ. ಕತ್ತೆ ಮೊದಲು ಇತ್ತು, ಅಷ್ಟೆ. ಕಾರಣವಲ್ಲ.”

“ಅದು ತರದಿದ್ದರೆ ಆ ಮಡಕೆ ಆಗುತ್ತಿರಲಿಲ್ಲವಲ್ಲ?”

“ಆಗುತ್ತಿರಲಿಲ್ಲ. ಆದರೂ...”

“ಕತ್ತೆಗೆ ತೋರಿಸಿದ ನ್ಯಾಯವನ್ನು ನಿಮಗೂ ತೋರಿಸಿಕೊಳ್ಳಿ, ಆಚಾರ್ಯರೆ.”

ಆಚಾರ್ಯರು ತಮ್ಮ ವಾದವನ್ನು ಒಂದೊಂದೇ ಮಾತಾಗಿ ಬಿಡಿಸಿ ನೋಡಿದರು. ಕಳಿಸಿದ್ದು ನಿಜ. ಅವಳು ಸತ್ತದ್ದು ನಿಜ. ‘ಆದ್ದರಿಂದ ಕೊಂದೆ’ ಎಂಬುದನ್ನು ಹೊರುವ ಕಂಬ ಎಲ್ಲಿಯೂ ಕಾಣಲಿಲ್ಲ.

“ವಾದ ಬಿತ್ತು” ಎಂದರು ಮೆಲ್ಲಗೆ. “ಇಷ್ಟು ದಿನ ಮನೆಯಲ್ಲಿ ನನ್ನ ಜೊತೆಗೆ ಇದ್ದದ್ದು ಅದೊಂದೇ. ಇನ್ನು ಏನು ಉಳಿಯಿತು, ಸ್ವಾಮಿಗಳೆ?”

“ತುಳಸಾಬಾಯಿಯವರು ಇಲ್ಲ ಎಂಬುದು.”

ಪತ್ನಿ ತೀರಿಕೊಂಡ ಮೇಲೆ ಆಚಾರ್ಯರು ಅತ್ತದ್ದು ಅದೇ ಮೊದಲು. ಶ್ರೀಗಳು ಸಮಾಧಾನ ಹೇಳಲಿಲ್ಲ. ಎದುರಿನ ಮಣೆಯಿಂದ ಏಳಲೂ ಇಲ್ಲ.

ಬಿಸಿಲು ಇಳಿದ ಮೇಲೆ ಆಚಾರ್ಯರು ನಮಸ್ಕರಿಸಿ ಎದ್ದರು. ಮನೆಯ ದಾರಿ ಹಿಡಿಯದೆ, ಆ ಮಳೆಗಾಲದ ನಂತರ ಕಾಲಿಡದ ಹರಿಗೋಲಿನ ಘಟ್ಟಕ್ಕೆ ಇಳಿದರು. ಅಂಬಿಗ ಗುರುತು ಹಿಡಿದು, ಹುಟ್ಟನ್ನು ಕೈಯಲ್ಲೇ ಹಿಡಿದು ನಿಂತ.

“ಆಚೀಗೇನ್ರಿ, ಆಚಾರ್ರೆ?”

“ಹೌದಪ್ಪ. ಆಚೆ ಸ್ವಲ್ಪ ಕಾಯಬೇಕು. ಬರುವಾಗ ಇಬ್ಬರಿರುತ್ತೇವೆ.”