ಗೂಳ್ಯ ಬೇರೆ ಮಾಡಿದ್ದು

ಪೆದ್ದರು ಎಲ್ಲಾ ಊರಲ್ಲೂ ಇದ್ದಾರೆ ಅಂತೀರಾ? ಇರಲಿ ಬಿಡಿ! ನಮ್ಮ ಕಾರೇಹಟ್ಟಿಯ ಗೂಳ್ಯನ ಪಕ್ಕ ತಂದು ನಿಲ್ಲಿಸಿ, ಅವರೆಲ್ಲ ಪಂಡಿತರಾಗಿ ಕಾಣ್ತಾರೆ!

ಗೂಳ್ಯ ಓಬವ್ವನ ಒಬ್ಬನೇ ಮಗ. ಎತ್ತಿನಂಥ ಮೈ, ತಲೆ ಮಾತ್ರ ಖಾಲಿ ಗುಡಾಣ. ಮೂರು ಕಡೆಯವರು ಹೆಣ್ಣು ಕೊಡಲ್ಲ ಅಂದು ಎದ್ದು ಹೋಗಿದ್ದರು. ಶುಕ್ರವಾರ ಪಕ್ಕದೂರಿನ ಕರಿಯಣ್ಣ ಗಂಡು ನೋಡೋಕೆ ಬರೋನಿದ್ದ. ಇವನೂ ಎದ್ದು ಹೋದರೆ ಮಗನಿಗೆ ಮದುವೆಯೇ ಇಲ್ಲ ಅಂತ ಓಬವ್ವನಿಗೆ ಒಂದೇ ಚಿಂತೆ!

ಬುಧವಾರ ಅವಳಂದಳು, "ಮಗಾ, ಕಣದಾಗೆ ರಾಗಿ ಬಡಿದೈತೆ. ಕಾಳು, ಹೊಟ್ಟು ಬೇರೆ ಮಾಡಿ ಬಾ!"

ಗೂಳ್ಯ ಕೂತ. ಒಂದು ಕಾಳು ಈ ಕಡೆ, ಒಂದು ಹೊಟ್ಟು ಆ ಕಡೆ. ಒಂದು ಕಾಳು ಈ ಕಡೆ, ಒಂದು ಹೊಟ್ಟು ಆ ಕಡೆ. ಸಂಜೆಗೆ ಒಂದು ಹಿಡಿ ಆಯ್ತು!

"ಅಯ್ಯೋ ನನ್ನ ಕರ್ಮವೇ! ಎತ್ತರಕ್ಕೆ ನಿಂತು ಗಾಳಿಗೆ ತೂರ್ಬೇಕು ಕಣೋ! ಹಗುರದ್ದು ಹಾರ್ತದೆ, ಭಾರದ್ದು ಕೆಳಗೆ ಬೀಳ್ತದೆ!"

"ಹಂಗಾ? ಆಗ್ಲಿ ಬಿಡವ್ವ!"

ಗುರುವಾರ ಅವಳಂದಳು, "ಮಗಾ, ಮೊಸರಿಂದ ಬೆಣ್ಣೆ ಬೇರೆ ಮಾಡು!"

ಗೂಳ್ಯ ಗಡಿಗೆ ಹೊತ್ತು ಮಾಳಿಗೆ ಹತ್ತಿದ. ಗಾಳಿ ನೋಡಿ ಸುರಿದ. ಹಗುರದ್ದು ಹಾರಲಿಲ್ಲ. ಭಾರದ್ದು ಬಿತ್ತು, ಅಂಗಳ ಗುಡಿಸ್ತಿದ್ದ ಓಬವ್ವನ ತಲೆ ಮೇಲೆ!

"ಮುಠ್ಠಾಳ! ಕಡಗೋಲಿಗೆ ಹಗ್ಗ ಸುತ್ತಿ ಅತ್ಲಾಗೆ ಇತ್ಲಾಗೆ ಎಳೀಬೇಕು ಕಣೋ! ತಣ್ಣೀರು ಚಿಮುಕಿಸ್ಬೇಕು! ತಾನಾಗೇ ಬೇರೆ ಆಯ್ತದೆ!"

"ಹಂಗಾ? ಆಗ್ಲಿ ಬಿಡವ್ವ!"

ಶುಕ್ರವಾರ ಬಂತು. ಕರಿಯಣ್ಣ ಬಂದು ಜಗಲಿ ಮೇಲೆ ಕೂತ. ಓಬವ್ವ ಒಳಗಿಂದ ಕೂಗಿದಳು, "ಲೋ, ಕರು ಹಾಲೆಲ್ಲ ಕುಡೀತೈತೆ! ಬೇರೆ ಮಾಡೋ!"

ಗೂಳ್ಯ ಹಸು ಕರು ಎರಡಕ್ಕೂ ಸೇರಿಸಿ ಹಗ್ಗ ಸುತ್ತಿದ. ಅತ್ಲಾಗೆ ಎಳೆದ, ಇತ್ಲಾಗೆ ಎಳೆದ, ಮೇಲೊಂದು ಚೊಂಬು ತಣ್ಣೀರು! ಹಸು ಹಾರಿತು ನೋಡಿ! ಕರು, ಹಗ್ಗ, ಗೂಳ್ಯ ಎಲ್ಲಾ ಸೇರಿ ಜಗಲಿಗೇ ಬಂದು ಬಿದ್ದರು. ಕರಿಯಣ್ಣನ ರುಮಾಲು ಹಸುವಿನ ಕೊಂಬಲ್ಲಿ!

ಓಬವ್ವ ಕಣ್ಣು ಮುಚ್ಚಿಕೊಂಡಳು. ಕರಿಯಣ್ಣ ಹೊಟ್ಟೆ ಹಿಡಿದು ನಕ್ಕ. "ಬಿದ್ರೂ ಹಗ್ಗ ಬಿಡ್ಲಿಲ್ಲವಲ್ಲ ತಾಯೀ! ನನ್ನ ಮಗಳು ಈರಕ್ಕನ್ನ ಕೊಟ್ಟೆ ಹೋಗು! ಆದ್ರೆ ಮದುವೆ ದಿನ ಏನಾದ್ರೂ ಎಡವಟ್ಟಾದ್ರೆ, ಹುಡುಗಿ ನಮ್ಮನೇಲೇ ಉಳೀತಾಳೆ!"

ಅವನು ಅತ್ತ ಹೋದ, ಓಬವ್ವ ಇತ್ತ ಮಗನ ಕಿವಿ ಹಿಂಡಿದಳು. "ಕರೂನ ತಾಯಿ ಕಣ್ಣೆದುರೇ ಗೂಟಕ್ಕೆ ಕಟ್ಬೇಕು ಕಣೋ! ಒಂದಕ್ಕೊಂದು ಕಂಡ್ರೆ ಸಾಕು, ಎರಡೂ ಅರಚಲ್ಲ!"

"ಹಂಗಾ? ಆಗ್ಲಿ ಬಿಡವ್ವ!"

ಮದುವೆ ದಿನ ಕರಿಯಣ್ಣನ ಊರಲ್ಲಿ ಗೂಳ್ಯ ಕಲ್ಲಿನಂಗೆ ಕೂತಿದ್ದ. ಒಂದು ತಪ್ಪಿಲ್ಲ! ಓಬವ್ವ ಗೆದ್ದೆ ಅಂದುಕೊಂಡು, ಸೊಸೆಗೆ ಆರತಿ ಸಿದ್ಧ ಮಾಡೋಕೆ ಮುಂಚೇನೇ ಮನೆಗೆ ಓಡಿದಳು.

ಹೆಣ್ಣು ಕಳಿಸೋ ಹೊತ್ತು. ಈರಕ್ಕ ಅವಳವ್ವನ್ನ ತಬ್ಬಿಕೊಂಡು ಗೋಳೋ ಅಂದಳು. ಅವ್ವ ಮಗಳನ್ನ ತಬ್ಬಿಕೊಂಡು ಗೋಳೋ ಅಂದಳು. ಬಿಡಿಸಿದರೂ ಬಿಡಲೊಲ್ಲರು!

ಕರಿಯಣ್ಣ ಅಂದ, "ಅಳಿಯಂದಿರೇ, ಹೊತ್ತು ಮುಳುಗ್ತೈತೆ. ಇಬ್ರನ್ನೂ ನೀವೇ ಬೇರೆ ಮಾಡಿ ಹೊರಡಿ!"

ಗೂಳ್ಯನ ಮುಖ ಅರಳಿತು. ಇದು ಅವನಿಗೆ ಗೊತ್ತು!

ಹೆಂಡತಿಯನ್ನ ಎತ್ತಿ ಗಾಡಿಯೊಳಗೆ ಮುಂದ್ಗಡೆ ಕೂರಿಸಿದ. ಅತ್ತೆಯನ್ನ ಎತ್ತಿ ಎದುರಿಗೆ ಕೂರಿಸಿದ, ಮದುವೆ ಶಲ್ಯದಲ್ಲೇ ಗಾಡಿ ಗೂಟಕ್ಕೆ ಬಿಗಿದ. ಹೊಡೆದ ಎತ್ತು! ಹಿಂದೆ ಕರಿಯಣ್ಣ ಪಂಚೆ ಎತ್ತಿಕೊಂಡು ಓಟ!

ಓಬವ್ವ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಗಾಡಿಯಲ್ಲಿ ಅವ್ವ, ಮಗಳು ಒಬ್ಬರ ಮುಖ ಒಬ್ಬರು ನೋಡಿ ಬಿದ್ದು ಬಿದ್ದು ನಗ್ತಿದ್ದರು.

ಗೂಳ್ಯ ಎದೆ ಉಬ್ಬಿಸಿ ಕೂಗಿದ, "ಅವ್ವಾ! ಎರಡೂ ಅರಚ್ತಿಲ್ಲ ನೋಡು! ಗೂಟ ಎಲ್ಲಿ ನೆಡ್ಲಿ?"