ಕೇತವ್ವ ಹೊನ್ನೆ ಮರದಡಿ ಕೂತದ್ದು

ಎಷ್ಟೋ ಕಾಲದ ಹಿಂದೆ, ಕಾಡಂಚಿನ ಗುಡಿಸಲುಗಳ ಒಂದು ಹಾಡಿಯಲ್ಲಿ ಕೇತವ್ವ ಅಂತ ಒಬ್ಬಳಿದ್ದಳಂತೆ. ಕೇಳಿ ಮಕ್ಕಳೇ. ಅವಳು ಮುಟ್ಟಿದರೆ ಜ್ವರ ಇಳಿಯುತ್ತಿತ್ತು ಅಂತಾರೆ, ಆನೆ ದಾರಿ ಬಿಡುತ್ತಿತ್ತು ಅಂತಾರೆ. ಅದೆಲ್ಲ ಎಷ್ಟು ನಿಜವೋ ನಾ ಕಾಣೆ. ಆದರೆ ಅವಳು ಮಾಡಿದ ಒಂದು ಕೆಲಸ ಮಾತ್ರ ನಿಜ.

ಆ ಹಾಡಿಯಲ್ಲಿ ತಾಯಿ ಸತ್ತ ಮಗುವಿಗೆ ಇದೇ ಮನೆ ಅಂತ ಇರಲಿಲ್ಲವಂತೆ. ಎಲ್ಲ ಗುಡಿಸಲೂ ಅದರದ್ದೇ. ಸಂಜೆಯಾದರೆ ಮಗು ಇವತ್ತು ಉಂಡ ಮನೆಯ ಒಲೆಯಿಂದ ಮಡಕೆಚೂರಿನಲ್ಲಿ ಒಂದು ಕೆಂಡ ಹಾಕಿಸಿಕೊಂಡು, ನಾಳೆ ಉಣ್ಣುವ ಮನೆಗೆ ನಡೆಯುತ್ತಿತ್ತು. ಕೆಂಡ ಬಂದ ಮನೆಯ ಹೆಂಗಸು ಆ ದಿನಕ್ಕೆ ಅದರ ತಾಯಿ. ಕೇತವ್ವನೂ ಹಾಗೇ ಬೆಳೆದವಳು.

ಮುಂದೆ ಅವಳು ಪಟ್ಟಣದ ಒಂದು ಶಾಲೆಗೆ ಹೋದಳಂತೆ. ಕಷ್ಟದಲ್ಲಿರುವವರಿಗೆ ನೆರವಾಗುವುದನ್ನು ಕಲಿಸುವ ಶಾಲೆ. ಈಗ ನೀವು ಸಮಾಜಕಾರ್ಯ ಅಂತೀರಲ್ಲ, ಅದೇ ವಿದ್ಯೆ. ಮಗುವಿಗೆ ಒಬ್ಬ ತಾಯಿ, ಒಬ್ಬ ತಂದೆ, ಒಂದು ಬಾಗಿಲು ಇರಬೇಕು, ಇಲ್ಲದಿದ್ದರೆ ಅದು ಅನಾಥ ಅಂತ ಅಲ್ಲಿ ಹೇಳಿಕೊಟ್ಟರಂತೆ. ಗುರುಗಳು ಕೆಟ್ಟವರೇನಲ್ಲ. ಅವರು ಕಂಡ ಮನೆಗಳೆಲ್ಲ ಹಾಗೇ ಇದ್ದವು. ಕೇತವ್ವ ಅಷ್ಟನ್ನೂ ಬಾಯಿಪಾಠ ಮಾಡಿದಳು.

ಕಲಿತು ಹಾಡಿಗೆ ಬಂದ ಸಂಜೆ ಅವಳ ಕಣ್ಣಿಗೆ ಬಿದ್ದದ್ದು ಜಾಜಿ. ತಾಯಿಯಿಲ್ಲದ ಪುಟ್ಟ ಹುಡುಗಿ, ಕೆಂಡ ಹಿಡಿದು ಬಾಗಿಲಿಂದ ಬಾಗಿಲಿಗೆ ನಡೆಯುತ್ತಿದ್ದಳು. ಕೇತವ್ವ ಏನು ಮಾಡಿದಳು ಗೊತ್ತೇ? ಯಾರನ್ನೂ ಒಂದು ಮಾತು ಕೇಳದೆ ಆ ಮಗುವನ್ನು ಎತ್ತಿಕೊಂಡು ಹೋಗಿ ಪಟ್ಟಣದ ಅನಾಥಾಲಯಕ್ಕೆ ಸೇರಿಸಿಬಿಟ್ಟಳು! ಅಯ್ಯೋ, ಬೇರೆ ಯಾರೋ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅದೇ ಕೆಂಡ ಹಿಡಿದು ದೊಡ್ಡವಳಾದವಳು ಮಾಡಿದಳಲ್ಲ!

ಒಳ್ಳೆಯದು ಮಾಡಿದೆ ಅಂತ ಅವಳು ಹಾಡಿಗೆ ವಾಪಸು ಬಂದರೆ, ಒಂದು ಗುಡಿಸಲಿನಲ್ಲೂ ಹೊಗೆ ಇರಲಿಲ್ಲವಂತೆ. ಮಗು ಸತ್ತಾಗ ಮಾತ್ರ ಅಲ್ಲಿ ಒಲೆ ಆರಿಸುತ್ತಿದ್ದರು. ಯಾರೂ ಬೈಯಲಿಲ್ಲ. ಹಾಡಿಯ ಯಜಮಾನ ಮಾತ್ರ, "ನಿನ್ನ ಸಾಕೋದ್ರಲ್ಲಿ ನಾವೇನು ಕಮ್ಮಿ ಮಾಡಿದ್ವವ್ವಾ?" ಅಂದನಂತೆ.

ಕೇತವ್ವ ಎದ್ದುಬಿದ್ದು ಪಟ್ಟಣಕ್ಕೆ ಓಡಿದಳು. ಅಷ್ಟರಲ್ಲಿ ಅಲ್ಲಿ ಏನಾಗಿತ್ತು? ಸಂಜೆ ಜಾಜಿ ಅಡುಗೆಮನೆಗೆ ಹೋಗಿ ಕೆಂಡಕ್ಕಾಗಿ ಒಲೆಗೆ ಕೈ ಹಾಕಿದ್ದಳು. ಬೆಂಕಿ ಇಡುವ ಹುಚ್ಚು ಹುಡುಗಿ ಅಂತ ಕೋಣೆಯಲ್ಲಿ ಕೂಡಿಹಾಕಿದ್ದರು! ಹಾಲುಗಲ್ಲದ ಮಗು! ಅನ್ನ ಮುಟ್ಟಿರಲಿಲ್ಲ, ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಸುದ್ದಿ ತಿಳಿದು ಗುರುಗಳು ಬಂದರು. ಇವಳ ತಾಯಿ ಯಾರು, ಹೇಳು, ಬಿಡಿಸುತ್ತೇನೆ ಅಂದರು. ಕೇತವ್ವ ಹಾಡಿಯ ಒಬ್ಬೊಬ್ಬ ಹೆಂಗಸಿನ ಹೆಸರನ್ನೂ ಹೇಳುತ್ತಾ ಹೋದಳಂತೆ. ನನ್ನ ತಾಯಂದಿರೂ ಇವರೇ ಅಂದಳಂತೆ. ಗುರುಗಳು ದಂಗಾದರು. ಇದನ್ನು ಶಾಲೆಯಲ್ಲೇ ಯಾಕೆ ಹೇಳಲಿಲ್ಲ ಅಂತ ಅವರು ಕೇಳಿದರೆ, ನೀವು ಕೇಳಲಿಲ್ಲ, ನನಗೂ ಹೇಳಬೇಕು ಅನ್ನಿಸಲಿಲ್ಲ ಅಂದಳಂತೆ. ಕೋಣೆಯ ಬಾಗಿಲನ್ನು ಗುರುಗಳೇ ತೆಗೆದರು.

ಜಾಜಿ ಹಾಡಿಗೆ ಬಂದಳು, ಒಲೆಗಳು ಹೊತ್ತಿದವು. ಆದರೆ ಕೇತವ್ವ ಒಂದು ಹೆಜ್ಜೆ ಮುಂದಿಟ್ಟದ್ದೇ ತಡ, ಮಗು ಕಿಟಾರನೆ ಕಿರುಚಿ ಒಬ್ಬಳ ಸೀರೆಯಲ್ಲಿ ಮುಖ ಮುಚ್ಚಿಕೊಂಡಿತಂತೆ. ಕೇತವ್ವ ಹಿಂದೆ ಸರಿದಳು. ಹಾಡಿಯ ಹೊರಗೆ, ನಾವೀಗ ಕೂತಿರುವ ಈ ಹೊನ್ನೆ ಮರದಡಿ ಕೂತಳು. ಮಳೆಯಲ್ಲಿ ಕೂತಳು, ಬಿಸಿಲಲ್ಲಿ ಕೂತಳು. ಅವಳ ಹೆಗಲ ಮೇಲೆ ಹಕ್ಕಿ ಗೂಡು ಕಟ್ಟಿತು ಅಂತಾರೆ. ತಾಯಂದಿರು ಊಟ ತಂದಿಡುತ್ತಿದ್ದರು, ಒಳಗೆ ಬಾ ಅನ್ನುತ್ತಿರಲಿಲ್ಲ. ಕರೆಯಬೇಕಾದವಳು ಜಾಜಿ. ಕೊನೆಗೊಂದು ದಿನ ಜಾಜಿ ತಾನಾಗಿ ಬಂದು, ಅವಳ ಬೆರಳು ಹಿಡಿದು ಎಳೆದಳಂತೆ.

ಆಮೇಲೆ ಗುರುಗಳು ತಮ್ಮ ಶಿಷ್ಯರನ್ನು ಕೇತವ್ವನ ಹತ್ತಿರ ಕಲಿಯಲು ಕರೆತಂದರು. ಅವಳು ಗುರುಗಳನ್ನೂ ಸೇರಿಸಿ ಎಲ್ಲರನ್ನೂ ಮೊದಲು ಇಲ್ಲೇ ಕೂರಿಸಿದಳಂತೆ.

ಈಗಲೂ ನಿಮ್ಮ ಹಾಗೆ ಈ ವಿದ್ಯೆ ಕಲಿಯುವವರು ನೇರ ಹಾಡಿಯೊಳಗೆ ಕಾಲಿಡುವುದಿಲ್ಲ. ಮರದಡಿ ಕೂರುತ್ತಾರೆ. ಒಂದು ಮಗು ಬಂದು ಕರೆಯಬೇಕು. ಮಿಠಾಯಿ ತೋರಿಸಿದರೆ ನಡೆಯೋಲ್ಲ. ಗೊತ್ತು, ನಿಮ್ಮಲ್ಲಿ ಅರ್ಧ ಜನ ಇದೇ ಹಾಡಿಯ ಮಕ್ಕಳು, ಅಗೋ ನಿಮ್ಮವ್ವಂದಿರು ಬಾಗಿಲಲ್ಲೇ ನಿಂತು ನೋಡುತ್ತಿದ್ದಾರೆ. ಆದರೂ ಕೂತೇ ಇರಿ. ಕೇತವ್ವನೂ ಇಲ್ಲೇ ಹುಟ್ಟಿದವಳು.